ಇಪ್ಪತ್ತೊಂದನೇ ವಚನ

ನಮ್ಮ ಬಳಗ ಹರಡಿಕೊಂಡಿರೋದು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಈ ನಾಲ್ಕು ಊರುಗಳಲ್ಲಿ. ಈ ಬಳಗದ ಯಾವ ಮದುವೆಗೆ ಹೋದರೂ ಎರಡು ವಿಷಯ ಗ್ಯಾರಂಟಿ. ಒಂದು, ಪಾಸ್ಟರ್ ಮಾತಾಡುವಾಗಲೇ ಮೈಕು ಕೈಕೊಡುತ್ತೆ. ಎರಡು, ಎಫೆಸದವರಿಗೆ ಪೌಲ ಬರೆದ ಪತ್ರಿಕೆಯ ಐದನೇ ಅಧ್ಯಾಯ ಓದುತ್ತಾರೆ, ಇಪ್ಪತ್ತೆರಡನೇ ವಚನದಿಂದ ಶುರು ಮಾಡಿ. (ವಚನ ಅಂದರೆ ನಮ್ಮಲ್ಲಿ ಬೈಬಲಿನ ನಂಬರು ಹಾಕಿದ ವಾಕ್ಯ. ದುರ್ಗದಂಥ ಶರಣರ ಊರಲ್ಲಿ ಬೆಳೆದ ನನಗೆ ಸ್ಕೂಲಿನಲ್ಲಿ ಇದು ಸಾಕಷ್ಟು ಗೊಂದಲ ಮಾಡಿತ್ತು.) ಹೆಂಡತಿಯಾದವಳು ಗಂಡನಿಗೆ ಅಧೀನಳಾಗಿರಬೇಕು ಅನ್ನೋದು ಆ ವಚನದ ಸಾರಾಂಶ. ಅದನ್ನು ಓದುವಾಗ ಗಂಡಿನ ಕಡೆಯ ಹಿರಿಯರು ತಲೆ ಆಡಿಸುತ್ತಾರೆ. ಹುಡುಗಿ ತಲೆ ತಗ್ಗಿಸಿರುತ್ತಾಳೆ. ಅದು ಒಪ್ಪಿಗೆಗೋ, ತಲೆ ಮೇಲಿರೋ ಹೂವಿನ ಭಾರಕ್ಕೋ ಯಾರೂ ಕೇಳಲ್ಲ.

ಇಪ್ಪತ್ತೊಂದನೇ ವಚನ ಓದಿದ್ದನ್ನು ಮಾತ್ರ ನಾನು ಒಂದು ಮದುವೆಯಲ್ಲೂ ಕೇಳಿಲ್ಲ, ನನ್ನ ಮದುವೆಯೂ ಸೇರಿ. ವಿಶ್ವಾಸಿಗಳೆಲ್ಲ ಕ್ರಿಸ್ತನ ಭಯಭಕ್ತಿಯಿಂದ ಒಬ್ಬರಿಗೊಬ್ಬರು ಅಧೀನರಾಗಿರಬೇಕು ಅಂತ ಅದರ ಅರ್ಥ. ಎಲ್ಲರೂ. ಒಬ್ಬರಿಗೊಬ್ಬರು. ಅದನ್ನು ಬಿಟ್ಟು ಇಪ್ಪತ್ತೆರಡರಿಂದ ಓದೋದು, ಅಗ್ರಿಮೆಂಟಿನ ಮೊದಲ ಪುಟ ಮುಚ್ಚಿಟ್ಟು ಎರಡನೇ ಪುಟಕ್ಕೆ ಸೈನ್ ಹಾಕಿಸಿಕೊಂಡ ಹಾಗೆ.

ಇದೇನು ದೊಡ್ಡ ವಿಷಯ, ಒಂದು ವಾಕ್ಯ ತಾನೇ ಅಂತ ನಿಮಗೆ ಅನ್ನಿಸಬಹುದು. ಆ ಒಂದು ವಾಕ್ಯ ಓದಿಸೋಕೆ ನಮ್ಮ ದೊಡ್ಡಪ್ಪ ಹೊಳಲ್ಕೆರೆಯ ಅಜ್ಜಿ ಮನೆ ಪಡಸಾಲೆಯಲ್ಲಿ ಸುಮಾರು ಮೂರು ಗಂಟೆ ವಾದ ಮಾಡಬೇಕಾಯ್ತು.

ಚಿಕ್ಕಮ್ಮನ ಮಗಳು, ನನಗೆ ತಂಗಿಯಾಗಬೇಕು, ಹೊಸದುರ್ಗಕ್ಕೆ ಮದುವೆ ಮಾಡಿಕೊಟ್ಟಿದ್ದೆವು. ಅವಳ ಗಂಡ ಸಭೆಯಲ್ಲಿ ಎಲ್ಲರಿಗೂ ಬೇಕಾದ ಹುಡುಗ. ಕೀಬೋರ್ಡ್ ನುಡಿಸ್ತಾನೆ, ಭಾನುವಾರ ಆರಾಧನೆಯಲ್ಲಿ ಹಾಡು ನಡೆಸೋದು ಅವನೇ, ಪ್ರಾರ್ಥನೆ ಮಾಡಿದರೆ ಮುದುಕಿಯರು ಅಳುತ್ತಾರೆ. ಮನೆಗೆ ಬಂದು ಬಾಗಿಲು ಹಾಕಿದ ಮೇಲೆ ಕೈ ಎತ್ತುತ್ತಿದ್ದ. ಆರು ವರ್ಷ ಅವಳು ಯಾರಿಗೂ ಹೇಳಲಿಲ್ಲ. ಒಂದು ದಿನ ಮಗನನ್ನು ಕರೆದುಕೊಂಡು, ಒಂದು ಏರ್‌ಬ್ಯಾಗ್ ಹಿಡಿದು ಹೊಳಲ್ಕೆರೆಗೆ ಬಂದು ಅಜ್ಜಿ ಮನೆಯಲ್ಲಿ ಇಳಿದಳು. ಕಿವಿಯ ಹಿಂದೆ ಇನ್ನೂ ಊತ ಇತ್ತು.

ಮುಂದಿನ ಶನಿವಾರ ಹೊಸದುರ್ಗದಿಂದ ನಾಲ್ಕು ಜನ ಬಂದರು. ಸಭೆಯ ಪಾಸ್ಟರ್, ಇಬ್ಬರು ಹಿರಿಯರು, ಹುಡುಗನ ಅಣ್ಣ. ನಾನು ಬೆಂಗಳೂರಿಂದ ವೀಕೆಂಡಿಗೆ ಬಂದಿದ್ದೆ, ಕಾಫಿ ಕೊಟ್ಟು ಬಾಗಿಲ ಹತ್ತಿರ ಕೂತೆ. ಕೆಟ್ಟ ಜನ ಅಲ್ಲ ಅವರು, ಇದನ್ನು ಹೇಳಲೇಬೇಕು. ಕೊರೊನಾ ಟೈಮಲ್ಲಿ ಇದೇ ಹಿರಿಯರು ಬೈಕಲ್ಲಿ ಮನೆಮನೆಗೆ ಅಕ್ಕಿ ಹಂಚಿದ್ದರು. ಅವತ್ತು ಮಾತ್ರ ಪ್ರಾರ್ಥನೆ ಮುಗಿಸಿ, ಬೈಬಲ್ ತೆಗೆದು, ಇಪ್ಪತ್ತೆರಡರಿಂದಲೇ ಶುರು ಮಾಡಿದರು. ‘ನೋಡಮ್ಮ, ನೀನು ತಗ್ಗಿಸ್ಕೊಂಡ್ರೆ ದೇವರು ಅವನ ಹೃದಯ ಮುಟ್ತಾನೆ. ಕುಟುಂಬ ಒಡೆಯೋದು ಸೈತಾನನ ಕೆಲಸ.’

ಅಜ್ಜಿಗೆ ಎಂಬತ್ತು ದಾಟಿದೆ. ಗೋಡೆಗೆ ಒರಗಿಕೊಂಡು ಎಲೆಅಡಿಕೆ ಹಾಕುತ್ತಿದ್ದವರು ಬಾಯಿ ಖಾಲಿ ಮಾಡಿಕೊಂಡು ಕೇಳಿದರು: ‘ಬಗ್ಗಿದವನಿಗೆ ಒಂದು ಗುದ್ದು ಜಾಸ್ತಿ ಅಂತ ಗಾದೆ ಐತಲ್ಲ ಪಾಸ್ಟ್ರೇ, ಅದು ನಿಮ್ಮ ಬೈಬಲ್ಲಲ್ಲಿ ಇಲ್ವಾ?’

ಯಾರೂ ನಗಲಿಲ್ಲ. ಹುಡುಗನ ಅಣ್ಣ ಮೆಲ್ಲಗೆ ನಿಜವಾದ ಭಯ ಹೇಳಿದ. ‘ಹೊರಗಡೆ ಗೊತ್ತಾದ್ರೆ ಸಭೆಗೇ ಕೆಟ್ಟ ಹೆಸರು, ಅಕ್ಕ.’ ಅದು ಸುಳ್ಳು ಭಯ ಅಲ್ಲ. 2021ರ ಸೆಪ್ಟೆಂಬರಿನಲ್ಲಿ ಹೊಸದುರ್ಗದ ಆಗಿನ ಶಾಸಕರು ತಮ್ಮ ತಾಯಿಯನ್ನೇ ಮತಾಂತರ ಮಾಡಿದ್ದಾರೆ ಅಂತ ವಿಧಾನಸಭೆಯಲ್ಲಿ ಹೇಳಿದ ಮೇಲೆ ಆ ತಾಲ್ಲೂಕಿನ ಹೆಸರು ಎಲ್ಲ ಪೇಪರಲ್ಲಿ ಬಂತು. ಮಾರನೇ ವರ್ಷ ಮತಾಂತರದ ಕಾಯ್ದೆಯೂ ಬಂತು. ಅಲ್ಲಿಂದ ಸಣ್ಣ ಸಭೆಗಳವರು ಒಂದು ಮನೆ ಪ್ರಾರ್ಥನೆ ಇಟ್ಟುಕೊಳ್ಳೋಕೂ ನಾಲ್ಕು ಸಲ ಯೋಚನೆ ಮಾಡೋ ಹಾಗಾಗಿತ್ತು. ಇಂಥ ಹೊತ್ತಲ್ಲಿ ‘ಹಾಡು ನಡೆಸೋನು ಹೆಂಡತಿಗೆ ಹೊಡೀತಾನೆ’ ಅನ್ನೋ ಸುದ್ದಿ ಹೊರಗೆ ಹೋಗೋದು ಯಾರಿಗೆ ಬೇಕು? ಸರಿ. ಆದರೆ ಇಡೀ ಸಭೆಯ ಮಾನ ಕಾಯೋ ಕೆಲಸವನ್ನು ಕಿವಿ ಊದಿಕೊಂಡ ಒಬ್ಬ ಹುಡುಗಿಯ ತಲೆ ಮೇಲೆ ಹೊರಿಸೋದು ಯಾವ ನ್ಯಾಯ? ಕಡಿಮೆ ಜನ ಇರೋ ಸಮುದಾಯಗಳಲ್ಲಿ ಇದು ಯಾವಾಗಲೂ ಹೀಗೇ ಆಗುತ್ತೆ, ನಮ್ಮದೊಂದೇ ಅಲ್ಲ.

ಆಗ ದೊಡ್ಡಪ್ಪ, ರಿಟೈರ್ಡ್ ಪ್ರೈಮರಿ ಸ್ಕೂಲ್ ಮೇಷ್ಟ್ರು, ಕನ್ನಡಕ ಹಾಕಿಕೊಂಡು ‘ಒಂದು ವಚನ ಹಿಂದಕ್ಕೆ ಹೋಗಿ ಪಾಸ್ಟ್ರೇ’ ಅಂದರು.

ಅವತ್ತು ಅವರು ಹೇಳಿದ್ದರಲ್ಲಿ ಸ್ವಲ್ಪ, ಆಮೇಲೆ ನಾನೇ ಓದಿಕೊಂಡಿದ್ದು ಸ್ವಲ್ಪ ಸೇರಿಸಿ ಹೇಳ್ತೀನಿ. ಪೌಲ ಪತ್ರ ಬರೆದಾಗ ಅದರಲ್ಲಿ ವಚನದ ನಂಬರು ಇರಲಿಲ್ಲ. ಹೊಸ ಒಡಂಬಡಿಕೆಗೆ ನಾವಿವತ್ತು ಬಳಸೋ ನಂಬರು ಹಾಕಿದ್ದು ರಾಬರ್ ಎಸ್ತಿಯೆನ್ ಅನ್ನೋ ಫ್ರೆಂಚ್ ಮುದ್ರಕ, 1551ರಲ್ಲಿ. ಇಪ್ಪತ್ತೊಂದು, ಇಪ್ಪತ್ತೆರಡು ಅಂತ ಕತ್ತರಿ ಬಿದ್ದಿದ್ದು ಆಗ. ಎಷ್ಟೋ ಬೈಬಲುಗಳಲ್ಲಿ ಅವೆರಡರ ನಡುವೆ ದಪ್ಪಕ್ಷರದ ತಲೆಬರಹ ಬೇರೆ ಹಾಕಿರುತ್ತಾರೆ. ಅದನ್ನು ನೋಡಿದವರಿಗೆ ಹೊಸ ಪಾಠ ಶುರುವಾಯ್ತು ಅಂತಲೇ ಅನ್ನಿಸುತ್ತೆ. ಇದಕ್ಕಿಂತ ಮಜಾ ಇನ್ನೊಂದಿದೆ. ಈ ಪತ್ರಿಕೆಯ ತುಂಬಾ ಹಳೆಯ ಗ್ರೀಕ್ ಹಸ್ತಪ್ರತಿಗಳಲ್ಲಿ ಇಪ್ಪತ್ತೆರಡನೇ ವಚನಕ್ಕೆ ಕ್ರಿಯಾಪದವೇ ಇಲ್ಲ. ‘ಅಧೀನರಾಗಿ’ ಅನ್ನೋ ಮಾತು ಇರೋದು ಇಪ್ಪತ್ತೊಂದರಲ್ಲಿ. ಇಪ್ಪತ್ತೆರಡು ಅದನ್ನೇ ಕಡ ತೆಗೆದುಕೊಂಡಿದೆ. ಊಟದ ಪಂಕ್ತಿಯಲ್ಲಿ ಯಾರೋ ‘ಎಲ್ಲರೂ ಒಬ್ಬರಿಗೊಬ್ಬರು ಬಡಿಸ್ಕೊಳಿ, ಹೆಂಡ್ತೀರು ಗಂಡಂದಿರಿಗೆ’ ಅಂತಾರೆ ಅಂದುಕೊಳ್ಳಿ. ಮೊದಲ ಅರ್ಧ ಕಿತ್ತುಹಾಕಿದರೆ ಎರಡನೇ ಅರ್ಧಕ್ಕೆ ಅರ್ಥವೇ ಇರಲ್ಲ. ಗಂಡಂದಿರಿಗೆ ಏನು? ಬಡಿಸಬೇಕಾ, ಬೈಬೇಕಾ?

ಇನ್ನು ಲೆಕ್ಕಕ್ಕೆ ಬಂದರೆ, ಆ ಭಾಗದಲ್ಲಿ ಹೆಂಡತಿಯರಿಗೆ ಹೇಳಿರೋದು ಮೂರು ವಚನ. ಗಂಡಂದಿರಿಗೆ ಹೆಚ್ಚೂಕಮ್ಮಿ ಒಂಬತ್ತು. ಅದರಲ್ಲಿ ಕೇಳಿರೋದಾದರೂ ಏನು? ಕ್ರಿಸ್ತ ಸಭೆಗೋಸ್ಕರ ಪ್ರಾಣ ಕೊಟ್ಟ ಹಾಗೆ ಹೆಂಡತಿಯನ್ನು ಪ್ರೀತಿಸಬೇಕಂತೆ. ಇದು ರೋಮನ್ ಕಾಲದ ಮಾತು ಅನ್ನೋದು ನೆನಪಿರಲಿ. ಅಲ್ಲಿನ ಮನೆ ಯಜಮಾನನಿಗೆ ಮಕ್ಕಳು, ಗುಲಾಮರು, ಮನೆಮಂದಿಯ ಮೇಲೆಲ್ಲ ಕಾನೂನೇ ಅಧಿಕಾರ ಕೊಟ್ಟಿತ್ತು. ಹೆಂಗಸರು ತಗ್ಗಿ ನಡೀಬೇಕು ಅಂತ ಅವನಿಗೆ ಯಾರೂ ಪತ್ರ ಬರೆದು ಹೇಳಬೇಕಾಗಿರಲಿಲ್ಲ. ‘ನೀನು ತಗ್ಗು’ ಅಂದದ್ದೇ ಅಲ್ಲಿದ್ದ ಹೊಸ ಸುದ್ದಿ.

ಪೌಲನನ್ನು ನಾನು ಪೂರ್ತಿ ಬಿಟ್ಟುಕೊಡ್ತೀನಿ ಅಂತಲ್ಲ. ಮುಂದಿನ ಅಧ್ಯಾಯದಲ್ಲೇ ಗುಲಾಮರು ಯಜಮಾನರ ಮಾತು ಕೇಳಬೇಕು ಅಂತಲೂ ಬರೆದಿದ್ದಾನೆ. ಅಮೆರಿಕದ ಗುಲಾಮರ ಒಡೆಯರು ಹತ್ತೊಂಬತ್ತನೇ ಶತಮಾನದಲ್ಲಿ ಅದನ್ನೇ ಓದಿ ಬೀಗುತ್ತಿದ್ದರು. ಇವತ್ತು ಯಾವ ಸಭೆಯಲ್ಲೂ ಅದನ್ನು ಓದಿ ಗುಲಾಮಗಿರಿ ಸರಿ ಅನ್ನಲ್ಲ. ಮದುವೆ ವಿಷಯಕ್ಕೆ ಬಂದಾಗ ಮಾತ್ರ ನಮ್ಮವರಿಗೆ ಅಕ್ಷರಕ್ಷರ ಬೇಕು. ಅದೂ ಇಪ್ಪತ್ತೆರಡರಿಂದ.

ಕಾನೂನೂ ತುಂಬಾ ಕಾಲ ಇಪ್ಪತ್ತೆರಡರಿಂದಲೇ ಓದುತ್ತಿತ್ತು. 1869ರ ಇಂಡಿಯನ್ ಡೈವೋರ್ಸ್ ಆಕ್ಟ್ ಪ್ರಕಾರ ಕ್ರೈಸ್ತ ಗಂಡನಿಗೆ ಹೆಂಡತಿಯ ವ್ಯಭಿಚಾರ ಒಂದೇ ಸಾಕಿತ್ತು, ಬಿಡುಗಡೆ ಸಿಗುತ್ತಿತ್ತು. ಹೆಂಡತಿಗೆ ಗಂಡ ಹೊಡೀತಾನೆ ಅನ್ನೋದೊಂದೇ ಸಾಲುತ್ತಿರಲಿಲ್ಲ, ಜೊತೆಗೆ ವ್ಯಭಿಚಾರವನ್ನೂ ಸಾಬೀತು ಮಾಡಬೇಕಿತ್ತು. ಅದು ಸರಿಹೋಗಿದ್ದು 2001ರಲ್ಲಿ. ನಾನಾಗ ಸ್ಕೂಲ್ ಹುಡುಗಿ.

ಬೈಬಲಿಗೂ ನಮಗೂ ಏನು ಸಂಬಂಧ ಅನ್ನೋ ಓದುಗರಿಗೆ ಒಂದು ಮಾತು. ನಿಮ್ಮ ಮನೆಯಲ್ಲಿ ಇದೇ ವಚನಕ್ಕೆ ಬೇರೆ ಹೆಸರಿದೆ. ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಂಡು ಹೋಗು.’ ಇದೇ ಮಾತು ಬಸ್ಸಲ್ಲಿ ಹೇಗೆ ಬಳಕೆಯಾಗುತ್ತೆ ಅಂತ ಗಮನಿಸಿದ್ದೀರಾ? ಹೊಸದುರ್ಗದ ಬಸ್ಸು ಹತ್ತಿ, ಮೂರು ಜನರ ಸೀಟಲ್ಲಿ ಇಬ್ಬರು ಆರಾಮಾಗಿ ಹರಡಿಕೊಂಡು ಕೂತಿದ್ದರೆ ‘ಸ್ವಲ್ಪ ಅಡ್ಜಸ್ಟ್ ಮಾಡಿ’ ಅಂತ ಹೇಳೋದು ಅವರಿಗೆ, ಕೂತವರಿಗೆ. ಜಾಗ ಇದ್ದವರು ಸರಿದು ಜಾಗ ಕೊಡಲಿ ಅಂತ. ಮನೆಯಲ್ಲಿ ಮಾತ್ರ ನಿಂತವಳಿಗೆ ಹೇಳ್ತೀವಿ. ಆಫೀಸಲ್ಲೂ ಅಷ್ಟೇ. ‘ಸರ್ವೆಂಟ್ ಲೀಡರ್‌ಶಿಪ್’ ಅಂತ ಎರಡು ದಿನದ ಟ್ರೈನಿಂಗ್ ಕೊಡ್ತಾರೆ, ರಾಬರ್ಟ್ ಗ್ರೀನ್‌ಲೀಫ್ 1970ರಲ್ಲಿ ಬರೆದ ಪ್ರಬಂಧದಿಂದ ಹಿಡಿದು ಸ್ಲೈಡ್ ತೋರಿಸ್ತಾರೆ. ರಿಲೀಸ್ ರಾತ್ರಿ ಎರಡು ಗಂಟೆಗೆ ಕೂತಿರೋದು ಯಾರು ಅಂತ ನಿಮಗೂ ಗೊತ್ತು, ನನಗೂ ಗೊತ್ತು.

ಹೊಳಲ್ಕೆರೆಯ ಪಡಸಾಲೆಗೆ ವಾಪಸ್ ಬರೋಣ. ಒಬ್ಬ ಹಿರಿಯರು ಕೇಳಿದರು, ‘ಇಬ್ಬರೂ ಅಧೀನರಾದ್ರೆ ಮನೇಲಿ ತೀರ್ಮಾನ ಯಾರು ಮಾಡೋದು ಮೇಷ್ಟ್ರೇ? ಒಂದು ಗಾಡಿಗೆ ಇಬ್ಬರು ಡ್ರೈವರಾ?’ ಒಳ್ಳೇ ಪ್ರಶ್ನೆಯೇ. ದೊಡ್ಡಪ್ಪ ಅದಕ್ಕೆ ಚರ್ಚಿನ ಚರಿತ್ರೆ ತೆಗೆದರು. ನಮ್ಮ ಅಜ್ಜಿಯದು ಸಿ.ಎಸ್.ಐ. ಚರ್ಚ್, ಚರ್ಚ್ ಆಫ್ ಸೌತ್ ಇಂಡಿಯಾ. ಅದು ಹುಟ್ಟಿದ್ದು 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ, ಸ್ವಾತಂತ್ರ್ಯ ಬಂದು ಒಂದೂವರೆ ತಿಂಗಳಿಗೆ. ಅದಕ್ಕೆ ಮುಂಚೆ ಆಂಗ್ಲಿಕನ್ನರು ಬೇರೆ, ಹಳೇ ಮೈಸೂರು ಸೀಮೆಯಲ್ಲಿ ಕೆಲಸ ಮಾಡಿದ ವೆಸ್ಲಿಯನ್ ಮೆಥಡಿಸ್ಟರು ಬೇರೆ, ಇನ್ನೊಂದು ಗುಂಪಾಗಿ ಪ್ರೆಸ್ಬಿಟೇರಿಯನ್ನರು, ಕಾಂಗ್ರಿಗೇಷನಲಿಸ್ಟರು ಬೇರೆ. ಆಂಗ್ಲಿಕನ್ನರಿಗೆ ಬಿಷಪ್ ಇಲ್ಲದೆ ಚರ್ಚಿಲ್ಲ, ಉಳಿದವರಿಗೆ ಆ ಥರದ ಬಿಷಪ್ ಅಂದರೆ ಆಗಲ್ಲ. 1919ರಲ್ಲಿ ತರಂಗಂಬಾಡಿಯಲ್ಲಿ ಶುರುವಾದ ಮಾತುಕತೆ ಮುಗಿಯೋಕೆ ಇಪ್ಪತ್ತೆಂಟು ವರ್ಷ ಹಿಡೀತು. ಕೊನೆಗೆ ಉಳಿದವರು ಬಿಷಪ್ಪರನ್ನು ಒಪ್ಪಿದರು. ಬಿಷಪ್ಪರ ಕೈಯಿಂದ ಅಭಿಷೇಕ ಆಗದ ಪಾದ್ರಿಗಳನ್ನೂ ಮತ್ತೆ ಅಭಿಷೇಕ ಮಾಡದೆ, ಇದ್ದ ಹಾಗೇ ಆಂಗ್ಲಿಕನ್ನರು ತಮ್ಮವರೆಂದು ಒಪ್ಪಿದರು. ‘ಇಬ್ಬರೂ ಬಿಟ್ಟುಕೊಟ್ರು. ಒಬ್ಬರೇ ಬಿಟ್ಟುಕೊಟ್ಟಿದ್ರೆ ಅದನ್ನ ಒಂದಾಗೋದು ಅಂತಾರಾ, ಸೋಲೋದು ಅಂತಾರಾ?’ ಅಂತ ದೊಡ್ಡಪ್ಪ ಕೇಳಿದರು. ‘ಇಪ್ಪತ್ತೆಂಟು ವರ್ಷ ಇವಳು ಕಾಯಬೇಕೂಂತಾನಾ ನೀನು ಹೇಳೋದು?’ ಅಂತ ಅಜ್ಜಿ ಗದರಿದರು. ದೊಡ್ಡಪ್ಪ ಕನ್ನಡಕ ತೆಗೆದರು.

ಪಾಸ್ಟರ್ ವಯಸ್ಸಲ್ಲಿ ಚಿಕ್ಕವರು, ಮೂವತ್ತೆರಡೋ ಮೂವತ್ತಮೂರೋ. ಅಲ್ಲೀವರೆಗೂ ಹೆಚ್ಚು ಮಾತಾಡಿರಲಿಲ್ಲ. ನನ್ನ ತಂಗಿ ಕಡೆ ತಿರುಗಿ, ‘ನಿಮಗೆ ಏನು ಬೇಕು, ಸಿಸ್ಟರ್?’ ಅಂತ ಕೇಳಿದರು. ಆ ಮೂರು ಗಂಟೆಯಲ್ಲಿ ಅವಳನ್ನು ಯಾರಾದರೂ ಕೇಳಿದ ಮೊದಲ ಪ್ರಶ್ನೆ ಅದು. ಅವಳು ಯೋಚನೆ ಮಾಡಿ ಹೇಳಿದಳು: ‘ಅವರು ಹಾಡು ನಡೆಸೋದು ನಿಲ್ಲಿಸ್ಬೇಕು. ಅವರು ಅಲ್ಲಿ ನಿಂತು ಹಾಡೋವಾಗ ನನಗೆ ಪ್ರಾರ್ಥನೆ ಮಾಡಕ್ಕಾಗಲ್ಲ.’ ದುಡ್ಡು ಕೇಳಲಿಲ್ಲ, ಕ್ಷಮಾಪಣೆ ಕೇಳಲಿಲ್ಲ.

ಪಾಸ್ಟರ್ ಎರಡು ವಾರದಲ್ಲಿ ಅವನನ್ನು ವೇದಿಕೆಯಿಂದ ಇಳಿಸಿದರು. ಕಾರಣ ಸಭೆಗೆ ಹೇಳಲಿಲ್ಲ, ಆದರೂ ಎಲ್ಲರಿಗೂ ಗೊತ್ತಾಯ್ತು. ಮೂರು ಮನೆಯವರು ಸಭೆ ಬಿಟ್ಟು ಹೋದರು. ಇಪ್ಪತ್ತು ಮನೆಯ ಸಭೆಗೆ ಮೂರು ಮನೆ ಅಂದರೆ ಪಾಸ್ಟರ್ ಮನೆಯ ತಿಂಗಳ ರೇಷನ್ನು. ನನ್ನ ಲೆಕ್ಕದಲ್ಲಿ ಇಡೀ ಪ್ರಕರಣದಲ್ಲಿ ಇಪ್ಪತ್ತೊಂದನೇ ವಚನಕ್ಕೆ ಕೈಯಿಂದ ಬೆಲೆ ಕೊಟ್ಟ ಮೊದಲ ಗಂಡಸು ಅವರು.

ತಂಗಿ ಹೊಳಲ್ಕೆರೆಯಲ್ಲಿ ಇರಲಿಲ್ಲ. ಓಣಿಯವರ ಪ್ರಶ್ನೆಗಳಿಗೆ ಬೇಜಾರಾಗಿ ಹಿರಿಯೂರಿನ ನಮ್ಮ ಸೋದರತ್ತೆ ಮನೆಗೆ ಹೋದಳು. ಅಲ್ಲಿಗೆ ಕಳಿಸಿದ್ದೇ ಒಳ್ಳೇದಾಯ್ತು ಅಂತ ಈಗ ಅನ್ನಿಸುತ್ತೆ, ಯಾಕಂದರೆ ಅತ್ತೆ-ಮಾವ ಬದುಕೋದು ನೋಡಿದರೆ ಆ ವಚನಕ್ಕೆ ಬೇರೆ ಪ್ರಸಂಗ ಬೇಕಾಗಲ್ಲ. ಹಾಗಂತ ಅವರೇನೂ ಸಂತರಲ್ಲ. ಮಾವನಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಅತ್ತೆ ಹಟಕ್ಕೆ ನಿಂತರೆ ಹಿರಿಯೂರಿನ ಬಿಸಿಲೇ ವಾಸಿ.

ಹಿರಿಯೂರಿನ ಹೊರಗೆ ಅವರಿಗೆ ಎರಡು ಎಕರೆ ಇದೆ, ಈರುಳ್ಳಿ ಬೆಳೀತಾರೆ. ಬರದ ವರ್ಷಗಳಲ್ಲಿ ಎರಡು ಬೋರ್ ಒಣಗಿದವು. ಮೂರನೇದು ಕೊರೆಸಬೇಕು, ಬಳೆ ಅಡವಿಡೋಣ ಅಂತ ಮಾವ ಕೇಳಿದರು. ಅತ್ತೆ ಬೇಡ ಅಂದರು. ಮಾವ ಎರಡು ದಿನ ಮುಖ ಊದಿಸಿಕೊಂಡಿದ್ದು ಸುಮ್ಮನಾದರು. ಅದೇ ಬೇಸಿಗೆಯಲ್ಲಿ ಪಕ್ಕದ ಹೊಲದವರು ಬೋರ್ ಕೊರೆಸಿದರು, ನೀರು ಬಿತ್ತು! ಇವರದ್ದು ಮತ್ತೆರಡು ವರ್ಷ ಒಣಗೇ ಇತ್ತು. ‘ನೀನು ಬೇಡ ಅಂದಿದ್ದಕ್ಕೇ ಹೀಗಾಯ್ತು’ ಅನ್ನೋ ಮಾತು ಮಾವನ ಬಾಯಿಂದ ಇವತ್ತಿನವರೆಗೂ ಬಂದಿಲ್ಲ. ಇದನ್ನು ನನಗೆ ಹೇಳಿದ್ದು ಮಾವ ಅಲ್ಲ, ಅತ್ತೆ. ‘ಬೈದಿದ್ರೆ ನಾನೂ ಬೈದು ಮರ್ತುಬಿಡ್ತಿದ್ದೆ ಕಣೆ. ಬೈಲಿಲ್ವಲ್ಲ, ಅದಕ್ಕೆ ಮರೆಯಾಕಾಗ್ತಿಲ್ಲ’ ಅಂದರು. 2022ರ ಸೆಪ್ಟೆಂಬರಿನಲ್ಲಿ ವಾಣಿ ವಿಲಾಸ ಸಾಗರ ತುಂಬಿ ಕೋಡಿ ಬಿತ್ತು. 1933ರ ನಂತರ ಮೊದಲ ಸಲ, ಎಂಬತ್ತೊಂಬತ್ತು ವರ್ಷಕ್ಕೆ. ಇಡೀ ಜಿಲ್ಲೆಯೇ ನೋಡೋಕೆ ಹೋಗಿತ್ತು. ಇವರೂ ಹೋಗಿದ್ದರು. ಕೋಡಿ ನೀರು ನೋಡಿಕೊಂಡು ಮಾವ, ‘ನೋಡು, ಬೋರ್ ಬೇಡ ಅಂದಿದ್ದು ಒಳ್ಳೇದೇ ಆಯ್ತು, ಬಳೆ ಉಳೀತು’ ಅಂದರಂತೆ. ಅತ್ತೆ ಅಲ್ಲೇ ಸೆರಗಿಂದ ಕಣ್ಣು ಒರೆಸಿಕೊಂಡರಂತೆ.

ಅತ್ತೆಗೆ ಶುಗರ್. ಎಡಗಾಲಿನ ಹೆಬ್ಬೆರಳ ಕೆಳಗೆ ಗಾಯ ಆಗಿ ಒಂದೂವರೆ ವರ್ಷದಿಂದ ಮಾಗ್ತಾ ಇಲ್ಲ. ದಿನಾ ಬೆಳಿಗ್ಗೆ ಮಾವ ನೆಲದ ಮೇಲೆ ಕೂತು, ಅವರ ಪಾದ ತಮ್ಮ ತೊಡೆ ಮೇಲೆ ಇಟ್ಟುಕೊಂಡು, ಹಳೇ ಬಟ್ಟೆ ಬಿಚ್ಚಿ, ತೊಳೆದು, ಬೆಟಾಡಿನ್ ಹಚ್ಚಿ ಗಾಜ್ ಸುತ್ತುತ್ತಾರೆ. ವಾಸನೆ ಬರುತ್ತೆ, ಮಾವ ಅದರ ಬಗ್ಗೆ ಏನೂ ಹೇಳಲ್ಲ, ಈರುಳ್ಳಿ ರೇಟಿಗೆ ಬೈತಾ ಇರ್ತಾರೆ. ಯೇಸು ಕೊನೇ ರಾತ್ರಿ ಶಿಷ್ಯರ ಕಾಲು ತೊಳೆದ ಅಂತ ಯೋಹಾನ ಬರೆದಿದ್ದಾನೆ. ಅದರ ನೆನಪಿಗೆ ಕ್ಯಾಥೊಲಿಕ್ ಚರ್ಚುಗಳಲ್ಲಿ ಪವಿತ್ರ ಗುರುವಾರ ಪಾದ ತೊಳೆಯೋ ವಿಧಿ ಇದೆ. 2016ರವರೆಗೆ ನಿಯಮದ ಪ್ರಕಾರ ಅಲ್ಲಿ ಗಂಡಸರ ಪಾದ ಮಾತ್ರ ತೊಳೀಬಹುದಿತ್ತು, ಪೋಪ್ ಫ್ರಾನ್ಸಿಸ್ ಬಂದು ಹೆಂಗಸರನ್ನೂ ಸೇರಿಸಿದರು. ಮಾವನ ಚರ್ಚಲ್ಲಿ ಆ ವಿಧಿಯೇ ಇಲ್ಲ.

ತಂಗಿ ಈ ಮನೆಯಲ್ಲಿದ್ದುಕೊಂಡು ಒಂದು ಟೈಲರಿಂಗ್ ಅಂಗಡಿಗೆ ಕೆಲಸಕ್ಕೆ ಹೋಗ್ತಾಳೆ. ಮೊದಮೊದಲು ಮಾವ ಡ್ರೆಸಿಂಗ್ ಮಾಡೋವಾಗ ಅವಳು ಎದ್ದು ಒಳಗೆ ಹೋಗಿಬಿಡುತ್ತಿದ್ದಳಂತೆ. ಯಾಕೆ ಅಂತ ನಾನು ಕೇಳಿದೆ. ‘ಗಂಡಸ್ರ ಕೈ ಕಾಲಿನ ಹತ್ರ ಬಂದ್ರೆ ನನಗೆ ಇನ್ನೂ ಒಂಥರಾ ಆಗುತ್ತೆ ಅಕ್ಕ’ ಅಂದಳು. ಈಗ ಅವಳ ಮಗ, ಏಳು ವರ್ಷದವನು, ಹತ್ತಿಯ ಉಂಡೆ ಹಿಡಿದುಕೊಂಡು ಪಕ್ಕದಲ್ಲಿ ಕೂರ್ತಾನೆ. ಕೊಡು ಅಂದಾಗ ಕೊಡೋದು ಅವನ ಡ್ಯೂಟಿ, ಬೇರೆ ಯಾರೂ ಮುಟ್ಟೋ ಹಾಗಿಲ್ಲ.

ಅವಳ ಗಂಡ ಮೂರು ತಿಂಗಳು ಮಗನ ಫೀಸಿಗೆ ದುಡ್ಡು ಕಳಿಸಿದ, ಆಮೇಲೆ ನಿಲ್ಲಿಸಿದ. ಈಗ ಬೇರೆ ಊರಿನ ಬೇರೆ ಸಭೆಯಲ್ಲಿ ಕೀಬೋರ್ಡ್ ನುಡಿಸ್ತಾನೆ ಅಂತ ಸುದ್ದಿ. ಅವಳು ಪಾಸ್ಟರಿಗೆ ಹೇಳಿಯೇ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಪ್ರಕಾರ ಅರ್ಜಿ ಹಾಕಿದಳು. ವಿಶ್ವಾಸಿಗಳು ಕೋರ್ಟಿಗೆ ಹೋಗಬಾರದು ಅಂತ ಒಬ್ಬ ಹಿರಿಯರು ಫೋನ್ ಮಾಡಿ ಬೈದರು. ಅದಕ್ಕೂ ಪೌಲನದೇ ಒಂದು ವಚನ ಇದೆ. ಅದರ ಹಿಂದುಮುಂದಿನ ವಚನ ಓದೋಕೆ ಈ ಸಲ ಅವಳೇ ಕೂತಿದ್ದಾಳೆ, ದೊಡ್ಡಪ್ಪನ ಹಳೇ ಬೈಬಲ್ ಇಸ್ಕೊಂಡು.

ಮುಂದಿನ ತಿಂಗಳು ಕೇಸಿನ ವಾಯ್ದೆ ಇದೆ. ದೊಡ್ಡಪ್ಪ ಬಸ್ಸಲ್ಲಿ ಬರ್ತಾರೆ, ನಾನು ಎರಡು ದಿನ ರಜ ಹಾಕಿದ್ದೀನಿ. ಪಾಸ್ಟರ್ ಕೂಡ ಬರ್ತೀನಿ ಅಂದಿದ್ದಾರೆ. ಸಾಕ್ಷಿ ಹೇಳ್ತೀರಾ ಅಂತ ದೊಡ್ಡಪ್ಪ ಕೇಳಿದ್ದಕ್ಕೆ, ‘ಬರ್ತೀನಿ ಮೇಷ್ಟ್ರೇ’ ಅಂತಷ್ಟೇ ಹೇಳಿದರಂತೆ.